ಅತ್ತೆಯ ಕೌನ್ಸಿಲ್ ಮನೆಗೆ ಕಾಫಿ ದುಡ್ಡು ಕಳಿಸುವ ಮುಂಚೆ

ಮಾನ್ಯ ಸಂಪಾದಕರೇ,

ಸೋಮವಾರಪೇಟೆ ಕಡೆ ಒಂದು ಮಾತು ಹಬ್ಬಿದೆ. ಇಂಗ್ಲೆಂಡಿನಲ್ಲಿ ನಮ್ಮವರು ಯಾರಾದರೂ ಸರ್ಕಾರಿ ಬಾಡಿಗೆ ಮನೆಯಲ್ಲಿದ್ದರೆ ಅದನ್ನು ಶೇ 70ರ ಡಿಸ್ಕೌಂಟಿನಲ್ಲಿ ಕೊಳ್ಳಬಹುದಂತೆ, ಇಲ್ಲಿಂದ ದುಡ್ಡು ಕಳಿಸಿದರೆ ಮುಗಿಯಿತಂತೆ, ಐದು ವರ್ಷ ಬಿಟ್ಟು ಮಾರಿದರೆ ಕೋಟಿ ಲಾಭವಂತೆ. ಈ ಮಾತು ಹುಟ್ಟಿದ್ದರಲ್ಲಿ ನಮ್ಮ ಮನೆಯ ಪಾಲೂ ಇದೆ. ಲೆಸ್ಟರ್‌ನಲ್ಲಿರುವ ನಮ್ಮ ಸೋದರತ್ತೆ ತಾವು ಬಾಡಿಗೆಗಿದ್ದ ಕೌನ್ಸಿಲ್ ಮನೆಯನ್ನು 2025ರ ಮಾರ್ಚ್‌ನಲ್ಲಿ ಕೊಂಡುಕೊಂಡರು. ನಾವು ಅಣ್ಣತಮ್ಮಂದಿರು ಅದಕ್ಕೆ ಒಂದಿಷ್ಟು ದುಡ್ಡು ಸೇರಿಸಿದೆವು. ಆವತ್ತಿನಿಂದ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಕಾಫಿ ಕ್ಯೂರಿಂಗ್ ವರ್ಕ್ಸ್ ಗೇಟಿನ ಮುಂದೆ ಲೋಡು ಇಳಿಸಲು ಕಾಯುವಾಗಲೂ ಇದೇ ಪ್ರಶ್ನೆ. "ಹೆಂಗೆ ಮಾಡಿದ್ರಿ? ನಮ್ಮ ಚಿಕ್ಕಮ್ಮನೂ ಅಲ್ಲೇ ಇದ್ದಾರಲ್ಲ, ನಮಗೂ ಸ್ವಲ್ಪ ಹೇಳಿ." ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ನಿಮ್ಮ ಪತ್ರಿಕೆಯನ್ನು ಇಲ್ಲಿ ಎಲ್ಲರೂ ಓದುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಮಾತು, ನಮ್ಮತ್ತೆಗೆ ಸಿಕ್ಕ ಡಿಸ್ಕೌಂಟ್ ಈಗ ಇಲ್ಲ. ಹೋಯಿತು. ಇದನ್ನು ಕೇಳಿಸಿಕೊಂಡ ಮೇಲೂ "ಇರಲಿ, ಮುಂದೆ ಹೇಳಿ" ಅನ್ನುವವರಿಗೆ ಮಾತ್ರ ಉಳಿದದ್ದು.

ಕೌನ್ಸಿಲ್ ಮನೆ ಅಂದರೆ ಅಲ್ಲಿನ ನಗರಪಾಲಿಕೆಯಂಥ ಸಂಸ್ಥೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುವ ಮನೆ. ಅದರಲ್ಲಿ ಬಾಡಿಗೆಗಿರುವವರೇ ಅದನ್ನು ರಿಯಾಯಿತಿ ಬೆಲೆಗೆ ಕೊಳ್ಳಬಹುದು ಅಂತ 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಕಾನೂನು ತಂದಿತು. ರೈಟ್ ಟು ಬೈ ಅಂತ ಅದರ ಹೆಸರು. ಇಂಗ್ಲೆಂಡ್ ಒಂದರಲ್ಲೇ ಇಲ್ಲಿಯವರೆಗೆ ಸುಮಾರು 20 ಲಕ್ಷ ಮನೆ ಹೀಗೆ ಮಾರಾಟವಾಗಿವೆ. ಮಾರಿದಷ್ಟು ಮನೆಯನ್ನು ಮತ್ತೆ ಕಟ್ಟಲಿಲ್ಲ, ಬಡವರಿಗೆ ಬಾಡಿಗೆಗೆ ಕೊಡಲು ಮನೆ ಸಾಲುತ್ತಿಲ್ಲ. ಹಾಗಾಗಿ ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಯೋಜನೆಯನ್ನೇ ನಿಲ್ಲಿಸಿಬಿಟ್ಟವು. ಅಂದರೆ ನಿಮ್ಮ ಚಿಕ್ಕಮ್ಮ ಗ್ಲಾಸ್ಗೋದಲ್ಲೋ ಕಾರ್ಡಿಫ್‌ನಲ್ಲೋ ಇದ್ದರೆ ಈ ಪತ್ರ ಇಲ್ಲಿಗೇ ಮಡಚಿಡಿ.

ಇಂಗ್ಲೆಂಡಿನಲ್ಲಿ ಯೋಜನೆ ಇದೆ, ಆದರೆ ಡಿಸ್ಕೌಂಟಿಗೆ ಕತ್ತರಿ ಬಿದ್ದಿದೆ. ಪರ್ಸೆಂಟ್ ಲೆಕ್ಕ ನೋಡಿದರೆ ಈಗಲೂ ಭಾರಿಯಾಗಿಯೇ ಕಾಣುತ್ತದೆ. ಮೂರರಿಂದ ಐದು ವರ್ಷ ಬಾಡಿಗೆಗಿದ್ದವರಿಗೆ ಮನೆಯಾದರೆ ಶೇ 35, ಆಮೇಲೆ ವರ್ಷಕ್ಕೊಂದು ಪರ್ಸೆಂಟ್ ಜಾಸ್ತಿ, ಫ್ಲಾಟ್ ಆದರೆ ಶೇ 50ರಿಂದ ಶುರುವಾಗಿ ವರ್ಷಕ್ಕೆರಡು, ಎರಡಕ್ಕೂ ಶೇ 70 ಕೊನೆ. ಎಲ್ಲರ ಬಾಯಲ್ಲಿರುವ 70 ಇದೇ. ಆದರೆ ಅದರ ಮೇಲೆ ಇನ್ನೊಂದು ಮಿತಿ ಇದೆ, ಇಷ್ಟು ಪೌಂಡ್‌ಗಿಂತ ಹೆಚ್ಚು ಬಿಡಲ್ಲ ಅಂತ. ಪರ್ಸೆಂಟ್ ಎಷ್ಟೇ ಬರಲಿ, ಆ ಮಿತಿ ದಾಟುವ ಹಾಗಿಲ್ಲ. ಅತ್ತೆ ಅರ್ಜಿ ಹಾಕಿದಾಗ ಲಂಡನ್ ಬಿಟ್ಟು ಉಳಿದ ಕಡೆ ಅದು 1,02,400 ಪೌಂಡ್ ಇತ್ತು. 2024ರ ನವೆಂಬರ್ 21ರಿಂದ ಹಾಕುವ ಅರ್ಜಿಗಳಿಗೆ ಅದನ್ನು ಪ್ರದೇಶಕ್ಕೆ ತಕ್ಕಂತೆ 16,000ದಿಂದ 38,000 ಪೌಂಡ್‌ಗೆ ಇಳಿಸಿದರು. ಲೆಸ್ಟರ್ ಇರುವ ಈಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ ಈಗ 24,000. ಲಂಡನ್ನಿನ ಹೆಚ್ಚಿನ ಕಡೆ ಬರೀ 16,000.

ನಮ್ಮತ್ತೆಯ ಲೆಕ್ಕವನ್ನೇ ನೋಡಿ. ಮನೆಗೆ ಕಟ್ಟಿದ ಬೆಲೆ 1,80,000 ಪೌಂಡ್. ಬಾಡಿಗೆಗಿದ್ದು 28 ವರ್ಷ, ಹಾಗಾಗಿ ಶೇ 58 ಬರಬೇಕು, ಅದು ಮಿತಿ ಮೀರಿತು ಅಂತ 1,02,400 ಮಾತ್ರ ಬಿಟ್ಟರು. ಕಟ್ಟಿದ್ದು 77,600. ಇವತ್ತು ಅದೇ ಮನೆಗೆ ಅದೇ ಅತ್ತೆ ಅರ್ಜಿ ಹಾಕಿದರೆ 1,56,000 ಪೌಂಡ್ ಕಟ್ಟಬೇಕು. ದುಪ್ಪಟ್ಟು! ಕೆಲವರಿಗೆ ಇಷ್ಟು ಹೇಳಿದ ಕೂಡಲೇ ಆಸಕ್ತಿ ಹೋಗುತ್ತದೆ, ಚಹಾ ಕುಡಿದು ಎದ್ದು ಹೋಗುತ್ತಾರೆ.

ಉಳಿದವರಿಗೆ ನಾನು ಕೇಳುವುದು ಒಂದೇ. ಮನೆ ಯಾರಿಗೆ ಬೇಕು? ಅವರಿಗಾ, ನಿಮಗಾ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಅರ್ಜಿಯಲ್ಲಿ ಬಾಡಿಗೆದಾರರ ಜೊತೆ ಮನೆಯವರು ಮೂರು ಜನದ ತನಕ ಸೇರಬಹುದು ಅನ್ನೋದು ನಿಜ, ಆದರೆ ಅವರು ಹಿಂದಿನ 12 ತಿಂಗಳು ಅದೇ ಮನೆಯಲ್ಲಿ ಅವರ ಜೊತೆ ವಾಸವಿದ್ದಿರಬೇಕು. ಶನಿವಾರಸಂತೆಯಲ್ಲಿ ಕೂತ ಅಳಿಯನ ಹೆಸರು ಅದರಲ್ಲಿ ಬರಲ್ಲ. ಬ್ಯಾಂಕ್ ಸಾಲ ತೆಗೆಯೋಣ ಅಂದರೆ ಎಪ್ಪತ್ತು ದಾಟಿದವರಿಗೆ ಮನೆ ಸಾಲ ಸಿಗುವುದು ಕಷ್ಟ. ಹಾಗಾಗಿ ದುಡ್ಡು ನಮ್ಮದು, ಹೆಸರು ಅವರದು. ಅಲ್ಲಿಂದಲೇ ತಕರಾರು ಶುರು.

ನಮ್ಮಲ್ಲಿ ಆದದ್ದು ಹೀಗೆ. ಮಾವ ತೀರಿಹೋಗಿ ವರ್ಷಗಳಾದವು, ಮಕ್ಕಳಿಲ್ಲ. ಮಾವ ಅಲ್ಲಿ ಹೊಸೈರಿ ಕಾರ್ಖಾನೆಯಲ್ಲಿದ್ದವರು. ಅವರ ಪೆನ್ಷನ್ ದುಡ್ಡು, ಉಳಿತಾಯ ಸೇರಿ ಅರ್ಧಕ್ಕಿಂತ ಜಾಸ್ತಿ ಅತ್ತೆಯ ಹತ್ತಿರವೇ ಇತ್ತು. ಉಳಿದದ್ದಕ್ಕೆ ನಮ್ಮನ್ನು ಕೇಳಿದರು. ಆ ವರ್ಷ ರೊಬಸ್ಟಾ ಕಾಫಿಗೆ ಹಿಂದೆಂದೂ ಇಲ್ಲದ ರೇಟು ಬಂದಿತ್ತು, ನಿಮಗೆಲ್ಲ ಗೊತ್ತಿರುವುದೇ. ಇಲ್ಲದಿದ್ದರೆ ನಾವೂ ಕೈಕಟ್ಟಿ ಕೂರುತ್ತಿದ್ದೆವು. ಸರಿ ಅಂತ ಒಪ್ಪಿಕೊಂಡ ಮೇಲೆ ಅಲ್ಲಿನ ಸಾಲಿಸಿಟರ್, ಅಂದರೆ ಮನೆ ವ್ಯವಹಾರ ನೋಡಿಕೊಳ್ಳುವ ವಕೀಲರಿಂದ, ಒಂದು ಕಾಗದ ಬಂತು. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು: ಈ ಹಣ ಉಡುಗೊರೆ, ಸಾಲ ಅಲ್ಲ, ಇದನ್ನು ವಾಪಸ್ ಕೇಳುವುದಿಲ್ಲ, ಮನೆಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಕೆಳಗೆ ಸೈನ್.

ನನ್ನ ಅಣ್ಣ ಪೆನ್ನು ಕೆಳಗಿಟ್ಟ. "ಕಾಫಿ ಮಾರಿದ ದುಡ್ಡು ಕಣೋ ಇದು. ಕೊಟ್ಟ ಮೇಲೆ ಹಕ್ಕಿಲ್ಲ ಅಂತ ನಾನೇ ಬರೆದುಕೊಡಬೇಕಾ?" ಅಂದ. ಅತ್ತಿಗೆ ಒಳಗಿಂದ "ಹಂಗಾದ್ರೆ ಪಂಪ್‌ಸೆಟ್ಟಾದ್ರೂ ಹಾಕಿಸಬಹುದಿತ್ತು" ಅಂದರು. ಊರಿನ ಒಬ್ಬ ತಿಳಿದವರು (ಇಂಥವರು ಪ್ರತಿ ಊರಲ್ಲೂ ಒಬ್ಬರು ಇರ್ತಾರೆ) ಉಪಾಯ ಹೇಳಿಕೊಟ್ಟರು. ಈಗ ಉಡುಗೊರೆ ಅಂತ ಸೈನ್ ಹಾಕಿ, ಐದು ವರ್ಷ ಆದಮೇಲೆ ಮನೆ ನಮ್ಮ ಹೆಸರಿಗೆ ಮಾಡಿಕೊಡುತ್ತೇನೆ ಅಂತ ಅತ್ತೆಯ ಹತ್ತಿರ ಬೇರೆ ಅಗ್ರಿಮೆಂಟ್ ಮಾಡಿಸಿ, ಯಾರಿಗೂ ತೋರಿಸಬೇಡಿ ಅಂತ. ದಯವಿಟ್ಟು ಈ ಉಪಾಯಕ್ಕೆ ಯಾರೂ ಹೋಗಬೇಡಿ. ಮನೆ ಕೊಂಡು ಐದು ವರ್ಷದೊಳಗೆ ಮಾರಿದರೆ ಡಿಸ್ಕೌಂಟನ್ನು ಕೌನ್ಸಿಲ್ ವಾಪಸ್ ಕೇಳಬಹುದು. ಮೊದಲ ವರ್ಷ ಪೂರ್ತಿ, ಆಮೇಲೆ ವರ್ಷ ವರ್ಷಕ್ಕೆ ಶೇ 80, 60, 40, 20. ಅದೂ ಆವತ್ತು ಬಿಟ್ಟ ಮೊತ್ತದ ಮೇಲಲ್ಲ, ಮಾರುವ ದಿನದ ಬೆಲೆಯ ಮೇಲೆ. ಇದನ್ನು ತಪ್ಪಿಸಲು ಜನ ಇಂಥ ಅಗ್ರಿಮೆಂಟ್ ಮಾಡಿಕೊಳ್ಳುತ್ತಾರೆ ಅಂತ ಅಲ್ಲಿನ ಸರ್ಕಾರಕ್ಕೂ ಗೊತ್ತು. ಹಾಗಾಗಿ ಮುಂದೆ ಬರೆದುಕೊಡುತ್ತೇನೆ ಅನ್ನುವ ಒಪ್ಪಂದವನ್ನೇ ಮಾರಾಟ ಅಂತ ಲೆಕ್ಕ ಹಿಡಿಯುವ ಕಾನೂನು ಮಾಡಿಟ್ಟಿದ್ದಾರೆ. ಸಿಕ್ಕಿಬಿದ್ದರೆ ದುಡ್ಡು ಕಟ್ಟಬೇಕಾದ್ದು ಎಂಬತ್ತು ವರ್ಷದ ಮುದುಕಿ, ಉಪಾಯ ಹೇಳಿದವರಲ್ಲ.

ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅಣ್ಣನೇ ಸೈನ್ ಹಾಕಿದ. ನಮ್ಮ ಅಪ್ಪ ಮಡಿಕೇರಿ ಆಸ್ಪತ್ರೆಯಲ್ಲಿದ್ದಾಗ ತಿಂಗಳು ತಿಂಗಳು ದುಡ್ಡು ಕಳಿಸಿದ್ದು ಇದೇ ಅತ್ತೆ, ಆಗ ಅವರು ನಮ್ಮ ಹತ್ತಿರ ಯಾವ ಕಾಗದಕ್ಕೂ ಸೈನ್ ಕೇಳಿರಲಿಲ್ಲ. ನನಗೆ ಅನ್ನಿಸುವುದು ಇಷ್ಟೇ, ಆ ನಾಲ್ಕು ಸಾಲಿಗೆ ಮನಸ್ಸಿನಿಂದ ಸೈನ್ ಹಾಕಲು ಆಗದಿದ್ದರೆ ದುಡ್ಡು ಕಳಿಸಬೇಡಿ. ತೋಟಕ್ಕೆ ಹಾಕಿ, ಎಫ್‌ಡಿ ಇಡಿ. ತಪ್ಪೇನಿಲ್ಲ ಅದರಲ್ಲಿ. ಹೂಡಿಕೆ ಮಾಡುವವರು ಹೂಡಿಕೆ ಮಾಡಲಿ, ಅದಕ್ಕೆ ಸಹಾಯ ಅಂತ ಹೆಸರಿಡುವುದು ಬೇಡ.

ಇನ್ನು ದುಡ್ಡು ಕಳಿಸುವ ಕಥೆ. ಇಲ್ಲಿಂದ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು, ರಿಸರ್ವ್ ಬ್ಯಾಂಕ್ ಅನುಮತಿಯೇ ಇದೆ. ಆದರೆ ಉಡುಗೊರೆ ಅಂತ ಕಳಿಸಿದರೆ ಒಂದು ಮಿತಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ನಾವು ಕಳಿಸುವಾಗ ಆ ಮಿತಿ 7 ಲಕ್ಷ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಹಾಕಿದರೆ ವಾಪಸ್ ಬರುತ್ತೆ. ಆದರೆ ನಮ್ಮಲ್ಲಿ ರಿಟರ್ನ್ ಹಾಕುವವರು ಎಷ್ಟು ಜನ? ಕಾಫಿಯನ್ನು ಚೆರ್ರಿಯಾಗಿಯೇ ಮಾರಿದರೆ ಕೃಷಿ ಆದಾಯ, ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ನಾವು. ಈ ಒಂದು ಕಾರಣಕ್ಕೆ ಅಣ್ಣ ಮೊದಲ ಸಲ ಆಡಿಟರ್ ಮುಖ ನೋಡಿದ.

ಅಲ್ಲಿನ ಸಾಲಿಸಿಟರ್‌ಗೆ ಕೂಡ ಇದು ವಿಚಿತ್ರ. ಇಷ್ಟು ದುಡ್ಡು ಬಂದಿದೆ, ಟ್ಯಾಕ್ಸ್ ಕಟ್ಟಿಲ್ಲ, ಎಲ್ಲಿಂದ ಬಂತು ಅಂತ ಕೇಳಿದರು. ಕಪ್ಪು ಹಣ ತಡೆಯುವ ನಿಯಮ, ಅವರು ಕೇಳಲೇಬೇಕು. ಮಾರಿದ ಬಿಲ್ಲು ಕಳಿಸಿದೆವು. ತೋಟ ನಿಮ್ಮದು ಅನ್ನುವುದಕ್ಕೆ ದಾಖಲೆ ಕೊಡಿ ಅಂದರು. ಆರ್‌ಟಿಸಿ ತೆಗೆದು ನೋಡಿದರೆ ಅದರಲ್ಲಿ ಇನ್ನೂ ಅಜ್ಜನ ಹೆಸರು! ಪೌತಿ ಖಾತೆ ಆಗಿಲ್ಲ. ಅಜ್ಜ ತೀರಿಹೋಗಿ ಎಷ್ಟೋ ಕಾಲವಾಯಿತು, ಕೊಡಗಿನಲ್ಲಿ ಇದು ಮಾಮೂಲು ಅಂತ ಆ ಪುಣ್ಯಾತ್ಮನಿಗೆ ಹೇಗೆ ಅರ್ಥ ಮಾಡಿಸುವುದು? ವಂಶವೃಕ್ಷ, ನೋಟರಿ ಅಫಿಡವಿಟ್, ಇಂಗ್ಲಿಷ್ ಅನುವಾದ ಎಲ್ಲ ಮಾಡಿಸಿ ಕಳಿಸಿದ ಮೇಲೆ ಒಪ್ಪಿದರು. ಹಾಗಾಗಿ ಮನೆ ಕೊಳ್ಳುತ್ತೀರೋ ಬಿಡುತ್ತೀರೋ, ಆರ್‌ಟಿಸಿ ಒಂದು ಸರಿ ಮಾಡಿಸಿಕೊಳ್ಳಿ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಅತ್ತೆಯ ಕಡೆಯ ಕೆಲಸ ಇದಕ್ಕಿಂತ ಸುಲಭ. ಆರ್‌ಟಿಬಿ 1 ಅಂತ ಒಂದು ಫಾರಂ, ಅದಕ್ಕೆ ಫೀಸಿಲ್ಲ. ಕೌನ್ಸಿಲ್ ಸಾಮಾನ್ಯವಾಗಿ ನಾಲ್ಕು ವಾರದಲ್ಲಿ ಹೌದು ಅಥವಾ ಇಲ್ಲ ಅನ್ನಬೇಕು, ಹೌದು ಅಂದಮೇಲೆ ಮನೆಗೆ ಎಂಟು ವಾರ, ಫ್ಲಾಟಿಗೆ ಹನ್ನೆರಡು ವಾರದೊಳಗೆ ಬೆಲೆಯ ನೋಟಿಸ್ ಕಳಿಸಬೇಕು. ಆ ನೋಟಿಸ್ ಬಂದ ದಿನ ಇಲ್ಲಿ ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಸಿಗೋದು ಡ್ರೈಯಿಂಗ್ ಯಾರ್ಡಿನ ಆ ತುದಿಯಲ್ಲಿ ಮಾತ್ರ. ಕೊಡೆ ಹಿಡಿದುಕೊಂಡು ನಾನು ಇಲ್ಲಿ, ಕಾಗದವನ್ನು ಕ್ಯಾಮೆರಾ ಮುಂದೆ ತಲೆಕೆಳಗಾಗಿ ಹಿಡಿದುಕೊಂಡು ಅತ್ತೆ ಅಲ್ಲಿ. "ಓದೋ, ನನ್ನ ಕನ್ನಡಕ ಅಡುಗೆಮನೇಲಿದೆ." ಹೇಗೋ ಓದಿದೆ. ಕೌನ್ಸಿಲ್‌ನವರಿಗೆ ಗೊತ್ತಿರುವ ಕಟ್ಟಡದ ದೋಷ ಇದ್ದರೆ ಆ ನೋಟಿಸ್‌ನಲ್ಲಿ ಬರೆದಿರಬೇಕು, ಅದನ್ನು ಮೊದಲು ನೋಡಿ. ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಮಾಡಿಸಿದ್ದನ್ನು ಬೆಲೆಗೆ ಸೇರಿಸುವ ಹಾಗಿಲ್ಲ. ಮಾವ ಹಾಕಿಸಿದ್ದ ಅಡುಗೆಮನೆ ಕಪಾಟುಗಳನ್ನೂ ಸೇರಿಸಿದ್ದಾರಾ ಅಂತ ಅತ್ತೆ ಕೇಳಿ ಖಾತ್ರಿ ಮಾಡಿಕೊಂಡರು. ಬೆಲೆ ಜಾಸ್ತಿ ಅನ್ನಿಸಿದರೆ ಡಿಸ್ಟ್ರಿಕ್ಟ್ ವ್ಯಾಲ್ಯೂಯರ್ ಅನ್ನುವ ಸರ್ಕಾರಿ ಅಧಿಕಾರಿ ಹತ್ತಿರ ಮತ್ತೆ ಬೆಲೆ ಕಟ್ಟಿಸಬಹುದು, ಮೂರು ತಿಂಗಳೊಳಗೆ ಕೇಳಬೇಕು.

ಈ ಫಾರಂ ತುಂಬಿಕೊಡುತ್ತೇವೆ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂತ ದುಡ್ಡು ಕೇಳುವ ಏಜೆಂಟರು ಅಲ್ಲೂ ಇದ್ದಾರೆ. ಅತ್ತೆಯ ಬಾಗಿಲಿಗೂ ಒಬ್ಬ ಬಂದಿದ್ದ. ಬಿಟ್ಟಿ ಫಾರಂಗೆ ಯಾಕೆ ದುಡ್ಡು? ಸಿಟಿಜನ್ಸ್ ಅಡ್ವೈಸ್, ಏಜ್ ಯುಕೆ ಇಂಥ ಸೇವಾ ಸಂಸ್ಥೆಗಳಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಸಾಲಿಸಿಟರ್ ಮಾತ್ರ ಬೇಕೇಬೇಕು, ಅವರು ಅತ್ತೆಯ ಪರ ಇರಬೇಕು, ದುಡ್ಡು ಕೊಟ್ಟ ನಿಮ್ಮ ಪರ ಅಲ್ಲ.

ಈಗ ಯಾರು ಕೊಳ್ಳಲೇಬಾರದು ಅನ್ನುವುದು. ಇದನ್ನು ಯಾರೂ ಕೇಳುವುದೇ ಇಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ನಿಮ್ಮ ಹಿರಿಯರಿಗೆ ಅಲ್ಲಿ ಹೌಸಿಂಗ್ ಬೆನಿಫಿಟ್ ಬರುತ್ತಿದ್ದರೆ, ಅಂದರೆ ಬಾಡಿಗೆಯನ್ನು ಸರ್ಕಾರವೇ ಕಟ್ಟುತ್ತಿದ್ದರೆ, ಮನೆ ಕೊಂಡ ದಿನ ಅದು ನಿಲ್ಲುತ್ತದೆ. ಬಾಡಿಗೆಯೇ ಕೊಡದೆ ಸಾಯುವ ತನಕ ಇರಬಹುದಾದ ಮನೆಗೆ ಕೋಟಿ ರೂಪಾಯಿ ಕೊಟ್ಟು ಅವರಿಗೆ ಬಂದ ಲಾಭ ಏನು? ಕೊಳ್ಳುವ ತನಕ ಬಾಯ್ಲರ್ ಕೆಟ್ಟರೆ ಕೌನ್ಸಿಲ್‌ಗೆ ಫೋನ್ ಮಾಡಿದರೆ ಮುಗಿಯಿತು, ಕೊಂಡಮೇಲೆ ಬಾಯ್ಲರ್, ಛಾವಣಿ, ಕಿಟಕಿ ಎಲ್ಲ ಅವರ ತಲೆಗೇ. ಫ್ಲಾಟ್ ಆದರೆ ಇನ್ನೂ ಕಷ್ಟ, ಇಡೀ ಕಟ್ಟಡದ ಛಾವಣಿ ಬದಲಿಸಿದರೂ ಪಾಲು ಕೊಡಬೇಕು. ನಮ್ಮತ್ತೆ ತಮ್ಮ ಕೈಯಿಂದಲೇ ವಾರಕ್ಕೆ ನೂರು ಪೌಂಡ್ ಹತ್ತಿರ ಬಾಡಿಗೆ ಕಟ್ಟುತ್ತಿದ್ದರು, ಅದಕ್ಕೇ ಅವರಿಗೆ ಲೆಕ್ಕ ಸರಿಹೋಯಿತು. ಆದರೂ ಮೊದಲ ಚಳಿಗಾಲದಲ್ಲೇ ಬಾಯ್ಲರ್ ಕೈಕೊಟ್ಟಿತು ಅನ್ನೋದನ್ನೂ ಹೇಳಿಬಿಡುತ್ತೇನೆ.

ಎರಡನೆಯದು ಇನ್ನೂ ದೊಡ್ಡದು. ನಾಳೆ ಅವರು ಕೇರ್ ಹೋಂ, ಅಂದರೆ ಹಿರಿಯರ ಆರೈಕೆ ಮನೆ, ಸೇರಬೇಕಾದರೆ, ಕೈಯಲ್ಲಿ 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇರುವವರು ಖರ್ಚನ್ನು ತಾವೇ ಭರಿಸಬೇಕು. ಬಾಡಿಗೆ ಮನೆ ಆಸ್ತಿ ಅಲ್ಲ. ಸ್ವಂತ ಮನೆ ಆಸ್ತಿ, ಅದರಲ್ಲಿ ಗಂಡನೋ ಹೆಂಡತಿಯೋ, ಅರವತ್ತು ದಾಟಿದ ಹತ್ತಿರದ ಸಂಬಂಧಿಯೋ ವಾಸ ಇಲ್ಲದಿದ್ದರೆ. ಒಂಟಿಯಾಗಿರುವ ಅತ್ತೆಯ ಮನೆ ಆ ಫೀಸಿಗೇ ಹೋಗಬಹುದು. ನನಗೆ ಅದು ಅನ್ಯಾಯ ಅಂತ ಅನ್ನಿಸುವುದಿಲ್ಲ, ಅವರ ಮನೆ ಅವರ ಆರೈಕೆಗೆ ಖರ್ಚಾದರೆ ಒಳ್ಳೆಯದೇ ಅಲ್ವಾ? ಆದರೆ ಐದು ವರ್ಷಕ್ಕೆ ಕೋಟಿ ಅಂತ ಬೆರಳೆಣಿಸುತ್ತಿರುವವರು ಈಗಲೇ ತಿಳಿದುಕೊಳ್ಳಲಿ. ಐದು ವರ್ಷ ಕಳೆದಮೇಲೂ, ಹತ್ತು ವರ್ಷದ ತನಕ ಮಾರುವುದಿದ್ದರೆ ಮೊದಲು ಕೌನ್ಸಿಲ್‌ಗೇ ಕೇಳಬೇಕು.

ವಿಲ್ ವಿಷಯ ನಮ್ಮಲ್ಲಿ ಬಾಯಿಬಿಟ್ಟು ಮಾತಾಡಲು ಸಂಕೋಚ. ವಿಲ್ ಇಲ್ಲದಿದ್ದರೆ ಅಲ್ಲಿನ ಮನೆ ಅಲ್ಲಿನ ಕಾನೂನಿನ ಪ್ರಕಾರ ಹೋಗುತ್ತದೆ. ಗಂಡ, ಮಕ್ಕಳು, ತಂದೆತಾಯಿ ಇಲ್ಲದವರದ್ದು ಒಡಹುಟ್ಟಿದವರಿಗೆ, ಅವರಿಲ್ಲದಿದ್ದರೆ ಅವರ ಮಕ್ಕಳಿಗೆ. ಯಾರು ದುಡ್ಡು ಹಾಕಿದರು, ಯಾರು ಹಾಕಲಿಲ್ಲ ಅಂತ ಕಾನೂನು ಕೇಳಲ್ಲ. ಅತ್ತೆ ವಿಲ್ ಬರೆಸಿದ್ದಾರೆ. ಏನು ಬರೆಸಿದ್ದಾರೆ ಅಂತ ಅಣ್ಣ ಕೇಳಿಲ್ಲ, ನಾನೂ ಕೇಳಿಲ್ಲ.

ಇನ್ನೊಂದು ನಿಯಮ, ಇದು ಹಿರಿಯರಿಗೇ ಅಡ್ಡ ಬರುವಂಥದ್ದು. 1990ಕ್ಕೆ ಮುಂಚೆ ಮೊದಲ ಸಲ ಬಾಡಿಗೆಗೆ ಹೋದ, ಅರವತ್ತು ದಾಟಿದವರಿಗೆ ಅಂತ ಕೊಟ್ಟ, ಮೆಟ್ಟಿಲು ಅದು ಇದು ಇಲ್ಲದ ವಯಸ್ಸಾದವರಿಗೆ ಹೊಂದುವ ಮನೆಯಾಗಿದ್ದರೆ ಕೌನ್ಸಿಲ್ ಮಾರುವುದಿಲ್ಲ ಅನ್ನಬಹುದು. ಹಾಗೆ ಅಂದರೆ 56 ದಿನದೊಳಗೆ ಅಲ್ಲಿನ ಟ್ರಿಬ್ಯೂನಲ್‌ಗೆ ಹೋಗಬಹುದು. ವಾರ್ಡನ್ ಇರುವ ಹಿರಿಯರ ವಸತಿಯಾದರೆ ಸುಮ್ಮನೆ ಆಸೆ ಬಿಡಿ.

ಇದನ್ನೆಲ್ಲ ಒಂದು ದಿನ ಮನೆಯ ಜಗುಲಿಯಲ್ಲಿ ಯಾರಿಗೋ ವಿವರಿಸುತ್ತಿದ್ದಾಗ ನಮ್ಮ ಲೈನ್ ಮನೆಯಲ್ಲಿರುವ ಕೆಲಸದ ಹೆಂಗಸು ಕೇಳಿಸಿಕೊಂಡಿದ್ದಾಳೆ. "ಸಾವ್ಕಾರ್ರೆ, ಮೂರು ವರ್ಷ ಬಾಡಿಗೆಗಿದ್ರೆ ಅಲ್ಲಿ ಮನೆ ಕೊಡ್ತಾರಾ? ನಮ್ಮವ್ವನ ಕಾಲದಿಂದ ನಾವು ಲೈನಲ್ಲೇ ಇದೀವಲ್ಲ" ಅಂದಳು. ಅದು ಸರ್ಕಾರದ ಮನೆ, ಇದು ತೋಟದ ಮನೆ, ಈ ಕಾನೂನು ಇದಕ್ಕೆ ತಾಗಲ್ಲ ಅಂದೆ. "ಸರ್ಕಾರದ ಪೈಸಾರಿ ಜಾಗನಾದ್ರೂ ಇದೆಯಲ್ಲ" ಅಂದಳು. ಪಂಚಾಯಿತಿಗೆ ಸೈಟಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದಾಳೆ. ಅದಕ್ಕೆ ಬೇರೆಯೇ ಪತ್ರ ಬರೆಯಬೇಕು, ಬರೆಯುತ್ತೇನೆ.

ಸದ್ಯಕ್ಕೆ ಸಂಪಾದಕರಲ್ಲಿ ಒಂದು ಕೋರಿಕೆ. ಹೊರದೇಶದಲ್ಲಿರುವ ಹಿರಿಯರ ಮನೆ, ವಿಲ್, ದುಡ್ಡು ಕಳಿಸುವ ನಿಯಮ ಇವುಗಳ ಬಗ್ಗೆ ವಕೀಲರಿಂದಲೋ ಬ್ಯಾಂಕಿನವರಿಂದಲೋ ಪ್ರಶ್ನೋತ್ತರ ಹಾಕಿಸಿ. ಕೊಡಗಿನಲ್ಲಿ ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಮನೆಗಳು ಬಹಳ ಇವೆ. ಅಲ್ಲಿನ ಸರ್ಕಾರ 2025ರ ಜುಲೈನಲ್ಲಿ ಇನ್ನೂ ಬಿಗಿ ಮಾಡುವುದಾಗಿ ಹೇಳಿದೆ, ಮೂರು ವರ್ಷದ ಬಾಡಿಗೆವಾಸ ಹತ್ತು ವರ್ಷವಾಗುತ್ತದೆ, ಡಿಸ್ಕೌಂಟ್ ಶೇ 15 ದಾಟದು ಅಂತ. ಹಾಗಾಗಿ ನಾನು ಇಲ್ಲಿ ಕೊಟ್ಟ ಅಂಕಿಗಳನ್ನೇ ನಂಬಿ ಹೊರಡಬೇಡಿ, ಅರ್ಜಿ ಹಾಕುವ ವಾರದಲ್ಲಿ ನಿಮ್ಮ ಅತ್ತೆಯ ಕೌನ್ಸಿಲ್‌ಗೇ ಒಂದು ಫೋನ್ ಮಾಡಿಸಿ ಕೇಳಿ. ನನ್ನನ್ನು ಹುಡುಕಿಕೊಂಡು ಬರುವವರು ಚಹಾಕ್ಕೆ ಬನ್ನಿ, ಇದಕ್ಕಿಂತ ಜಾಸ್ತಿ ನನಗೂ ಗೊತ್ತಿಲ್ಲ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು